ವೇಗದ ಮೋಹ, ಜಾಗದ ಲೆಕ್ಕ

ಬೆಂಗಳೂರಿನ ಎಸ್.ಪಿ. ರೋಡಿನ ಯಾವ ಕಂಪ್ಯೂಟರ್ ಅಂಗಡಿಗಾದರೂ ಹೋಗಿ, ಗೇಮ್‌ಗಳನ್ನು ಇಟ್ಟುಕೊಳ್ಳಲು ಡ್ರೈವ್ ಬೇಕೆಂದು ಕೇಳಿ ನೋಡಿ. ‘ಹಾರ್ಡ್ ಡಿಸ್ಕ್ ಈಗ ಯಾರೂ ತಗೊಳಲ್ಲ ಸರ್. ಎನ್‌ವಿಎಂಇ ಹಾಕಿಸ್ಕೊಳ್ಳಿ. ಜೆನ್ ಫೋರ್ ಇರ್ಲಿ, ಬಜೆಟ್ ಇದ್ರೆ ಜೆನ್ ಫೈವ್’ ಎಂಬ ಉತ್ತರ ಬಾಯಿತುದಿಯಲ್ಲೇ ಇರುತ್ತದೆ. ಯೂಟ್ಯೂಬಿನಲ್ಲಿ ಬಿಡಿಭಾಗಗಳ ಗುಣಾವಗುಣ ಹೇಳುವವರ ಮಾತೂ ಇದೇ, ಕಾಲೇಜು ಹುಡುಗರು ಒಬ್ಬರಿಗೊಬ್ಬರು ಕೊಡುವ ಸಲಹೆಯೂ ಇದೇ. ಈ ಮಾತಿನ ಹಿಂದೆ ಮೂರು ನಂಬಿಕೆಗಳಿವೆ. ಗೇಮ್ ವಿಷಯದಲ್ಲಿ ಹಾರ್ಡ್ ಡಿಸ್ಕ್ ಕೆಲಸಕ್ಕೆ ಬಾರದು. ಡ್ರೈವ್ ಎಷ್ಟು ವೇಗವೋ ಗೇಮ್ ಅಷ್ಟು ವೇಗ. ಇರುವ ಗೇಮ್‌ಗಳೆಲ್ಲ ಆ ವೇಗದ ಡ್ರೈವಿನಲ್ಲೇ ಇರಬೇಕು.

ಹತ್ತು ಹದಿನೈದು ಗೇಮ್ ಇರುವವರು ಈ ಸಲಹೆ ಕೇಳಿದರೆ ಹೆಚ್ಚೇನೂ ಕಳೆದುಕೊಳ್ಳುವುದಿಲ್ಲ. ಆದರೆ ಆನ್‌ಲೈನ್ ಗೇಮ್ ಅಂಗಡಿಗಳಲ್ಲಿ, ಅಂದರೆ ಸ್ಟೀಮ್‌ನ ರಿಯಾಯಿತಿ ಮಾರಾಟಗಳಲ್ಲಿ, ಗಾಗ್‌ನ ಹಳೆಯ ಗೇಮ್‌ಗಳ ಪಟ್ಟಿಯಲ್ಲಿ, ಎಪಿಕ್ ಪುಕ್ಕಟೆ ಕೊಟ್ಟಾಗಲೆಲ್ಲ ಒಂದೊಂದಾಗಿ ಕೂಡಿಸುತ್ತ ಬಂದು ನೂರಾರು ಗೇಮ್‌ಗಳ ಒಡೆಯರಾದವರಿಗೆ ಇದು ಕೆಟ್ಟ ಸಲಹೆ. ದೊಡ್ಡ ಸಂಗ್ರಹಕ್ಕೆ ಮೊದಲು ಬೇಕಾದದ್ದು ಜಾಗ. ವೇಗ ಸಾಕಾಗುವಷ್ಟಿದ್ದರೆ ಸಾಕು. ಅದರ ಮೇಲಿನ ಅತಿವೇಗಕ್ಕೆ ಸುರಿದ ದುಡ್ಡಿನ ಬಹುಪಾಲು ಡಬ್ಬದ ಮೇಲಿನ ಅಂಕಿಗೆ ಹೋಗುತ್ತದೆ, ಆಟಕ್ಕೆ ಸೇರುವುದಿಲ್ಲ.

ಗಾತ್ರದಿಂದಲೇ ಲೆಕ್ಕ ಶುರುಮಾಡೋಣ. ‘ಬಾಲ್ಡರ್ಸ್ ಗೇಟ್ 3’ ಬೇಡುವುದು 150 ಜಿಬಿ. ‘ರೆಡ್ ಡೆಡ್ ರಿಡೆಂಪ್ಷನ್ 2’ ಕೂಡ ಅಷ್ಟೇ. ‘ಸ್ಟಾರ್‌ಫೀಲ್ಡ್’ 125, ‘ಸೈಬರ್‌ಪಂಕ್ 2077’ 70. ಈ ನಾಲ್ಕಕ್ಕೇ ಹತ್ತಿರಹತ್ತಿರ 500 ಜಿಬಿ ಆಯಿತು. 1 ಟಿಬಿ ಎಂದು ಮಾರುವ ಡ್ರೈವನ್ನು ವಿಂಡೋಸ್ 931 ಜಿಬಿ ಎಂದು ತೋರಿಸುತ್ತದೆ. ಹಾಗಾಗಿ ಇಂಥ ಏಳೆಂಟು ಗೇಮ್ ಹಾಕಿದರೆ ಆ ಡ್ರೈವ್ ಭರ್ತಿ. ಇನ್ನೊಂದು ತುದಿಯಲ್ಲಿ 2004ರ ‘ಹಾಫ್-ಲೈಫ್ 2’, ‘ಜಿಟಿಎ: ಸ್ಯಾನ್ ಆ್ಯಂಡ್ರಿಯಾಸ್’ ಥರದವು ಇವೆ. ಕೆಲವೇ ಜಿಬಿಯಲ್ಲಿ ಮುಗಿಯುವ ಇಂಥ ಗೇಮ್‌ಗಳು ಒಂದೊಂದೂ ಚಿಕ್ಕವು, ಆದರೆ ಸಂಗ್ರಹಕಾರರ ಬಳಿ ನೂರರ ಲೆಕ್ಕದಲ್ಲಿರುತ್ತವೆ.

ಈಗ ಈ ರಾಶಿಯಲ್ಲಿ ನೀವು ಈ ತಿಂಗಳು ಆಡುತ್ತಿರುವುದು ಎಷ್ಟು ಎಂದು ಕೇಳಿಕೊಳ್ಳಿ. ಎರಡೋ ಮೂರೋ ಇರಬಹುದು, ಅಬ್ಬಬ್ಬಾ ಎಂದರೆ ಐದು. ಮಿಕ್ಕವು ಆಡಿ ಮುಗಿಸಿದವು, ಮುಂದೆಂದೋ ಆಡಬೇಕೆಂದಿರುವವು, ಮಕ್ಕಳು ರಜೆಗೆ ಬಂದಾಗ ಹೊರತೆಗೆಯುವವು. ಕಣಜದಲ್ಲಿ ಅಕ್ಕಿ ತುಂಬಿದೆಯೆಂದು ಅಷ್ಟನ್ನೂ ಒಲೆಯ ಮೇಲೆ ಇಡುವವರಿಲ್ಲ. ಗೇಮ್ ವಿಷಯಕ್ಕೆ ಬಂದಾಗ ಮಾತ್ರ ಅಷ್ಟನ್ನೂ ಅತಿ ದುಬಾರಿ ಡ್ರೈವಿನ ಮೇಲೆ ಹೇರಬೇಕು ಎನ್ನುತ್ತೇವೆ.

ವೇಗದ ವಾದದಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗಿದರೆ ಬೇಕಾದ ಜಾಗ ಸೂಜಿಯ ಕೆಳಗೆ ಬರಲು ಸರಾಸರಿ 4 ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಹಿಡಿಯುತ್ತದೆ. ಸೂಜಿ ಹೊತ್ತ ತೋಳು ಸರಿಯಾದ ಪಥಕ್ಕೆ ಸರಿಯಲು ಇನ್ನೂ ಎಂಟೊಂಬತ್ತು ಮಿಲಿಸೆಕೆಂಡು. ಅಂದರೆ ಚದುರಿಬಿದ್ದ ಸಣ್ಣ ಫೈಲುಗಳನ್ನು ಓದಬೇಕಾದಾಗ ಸೆಕೆಂಡಿಗೆ ನೂರು ಓದುಗಳನ್ನೂ ಅದು ಮುಟ್ಟಲಾರದು. ತಿರುಗುವ ಭಾಗವೇ ಇಲ್ಲದ ಸಾಮಾನ್ಯ ಸಾಟಾ ಎಸ್‌ಎಸ್‌ಡಿ ಅದೇ ಕೆಲಸವನ್ನು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಮಾಡುತ್ತದೆ. ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಬಂದವರು ‘ಕಂಪ್ಯೂಟರ್ರೇ ಹೊಸದಾದಂತಾಯಿತು’ ಎನ್ನುವುದು ಇದಕ್ಕೇ. ಆ ಜಿಗಿತ ನಿಜ.

ಮುಂದಿನ ಜಿಗಿತಗಳ ಕಥೆ ಬೇರೆ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ. ಎನ್‌ವಿಎಂಇ ಎಸ್‌ಎಸ್‌ಡಿಯ ಮೂರನೇ ಪೀಳಿಗೆ 3500, ನಾಲ್ಕನೆಯದು 7000, ಐದನೆಯದು 14,000ದವರೆಗೆ ಹೋಗುತ್ತದೆ. ಪೀಳಿಗೆಯಿಂದ ಪೀಳಿಗೆಗೆ ಅಂಕಿ ಇಮ್ಮಡಿಯಾಗುತ್ತದೆ, ಬೆಲೆಯೂ ಏರುತ್ತದೆ. ಗೇಮ್ ತೆರೆಯುವ ಹೊತ್ತು ಮಾತ್ರ ಅರ್ಧಕ್ಕಿಳಿಯುವುದಿಲ್ಲ. ಬಹುತೇಕ ಗೇಮ್‌ಗಳಲ್ಲಿ ಸಾಟಾಗೂ ದುಬಾರಿ ಎನ್‌ವಿಎಂಇಗೂ ನಡುವೆ ಉಳಿಯುವ ವ್ಯತ್ಯಾಸ ಕೆಲವೇ ಸೆಕೆಂಡುಗಳದ್ದು. ಡಬ್ಬದ ಮೇಲಿನ ಅಂಕಿ ಒಂದೇ ದೊಡ್ಡ ಫೈಲನ್ನು ಮೊದಲಿಂದ ಕೊನೆಯವರೆಗೆ ಸಲೀಸಾಗಿ ಓದಿದಾಗಿನದು. ಗೇಮ್ ಲೋಡ್ ಆಗುವಾಗ ಡ್ರೈವ್ ಕೊಟ್ಟ ದತ್ತಾಂಶವನ್ನು ಪ್ರೊಸೆಸರ್ ಬಿಚ್ಚಬೇಕು, ಜೋಡಿಸಬೇಕು, ಮೆಮೊರಿಗೆ ಹಾಕಬೇಕು. ಗ್ರಾಫಿಕ್ಸ್ ಕಾರ್ಡಿಗೆ ಶೇಡರ್‌ಗಳನ್ನು ಸಿದ್ಧಮಾಡಬೇಕು, ಸರ್ವರ್ ಜೊತೆ ಮಾತಾಡಬೇಕು. ಡ್ರೈವ್ ತನ್ನ ಕೆಲಸ ಬೇಗ ಮುಗಿಸಿ ಪ್ರೊಸೆಸರಿಗಾಗಿ ಕಾಯುತ್ತ ಕೂರುತ್ತದೆ.

ನಿಧಾನಕ್ಕೆಲ್ಲ ಡ್ರೈವೇ ಕಾರಣ ಎಂದು ನಾವು ಎಷ್ಟು ಸುಲಭವಾಗಿ ನಂಬುತ್ತೇವೆ ಎಂಬುದಕ್ಕೆ ‘ಜಿಟಿಎ ಆನ್‌ಲೈನ್’ಗಿಂತ ಒಳ್ಳೆಯ ಸಾಕ್ಷಿ ಬೇಡ. ವರ್ಷಗಟ್ಟಲೆ ಅದು ತೆರೆಯಲು ನಿಮಿಷಗಟ್ಟಲೆ ತೆಗೆದುಕೊಳ್ಳುತ್ತಿತ್ತು. ಎಷ್ಟೋ ಮಂದಿ ಅದಕ್ಕೆಂದೇ ಡ್ರೈವ್ ಬದಲಿಸಿದ್ದಾರು. 2021ರ ಫೆಬ್ರವರಿಯಲ್ಲಿ ಟಿ0ಎಸ್‌ಟಿ ಎಂಬ ಗುಪ್ತನಾಮದ ಪ್ರೋಗ್ರಾಮರ್ ಒಬ್ಬರು ಒಳಹೊಕ್ಕು ನೋಡಿದರೆ ದೋಷ ಡ್ರೈವಿನದಾಗಿರಲೇ ಇಲ್ಲ. ಗೇಮ್ ಒಳಗಿನ ಅಂಗಡಿಯ ಸರಕುಪಟ್ಟಿ ಸುಮಾರು 10 ಎಂಬಿಯದು, ಅದರಲ್ಲಿ 63,000ದಷ್ಟು ನಮೂದುಗಳು. ಒಂದೊಂದು ನಮೂದನ್ನು ಓದುವಾಗಲೂ ಪ್ರೋಗ್ರಾಮು ಉಳಿದ ಪಟ್ಟಿಯ ಉದ್ದವನ್ನು ಮತ್ತೆ ಮತ್ತೆ ಅಳೆಯುತ್ತಿತ್ತು. ಅದನ್ನು ಸರಿಪಡಿಸಿದೊಡನೆ ಅವರ ಕಂಪ್ಯೂಟರಿನಲ್ಲಿ ಆರು ನಿಮಿಷದ ಕಾಯುವಿಕೆ ಎರಡು ನಿಮಿಷದೊಳಗೆ ಬಂತು. ರಾಕ್‌ಸ್ಟಾರ್ ಕಂಪನಿ ಮಾರ್ಚಿನಲ್ಲಿ ಆ ತಿದ್ದುಪಡಿಯನ್ನು ಒಪ್ಪಿಕೊಂಡು 10,000 ಡಾಲರ್ ಬಹುಮಾನ ಕೊಟ್ಟಿತು. ಜಗತ್ತಿನ ಅತಿವೇಗದ ಡ್ರೈವ್ ಹಾಕಿದ್ದರೂ ಆ ನಾಲ್ಕು ನಿಮಿಷ ಉಳಿಯುತ್ತಿರಲಿಲ್ಲ.

ಈ ಭ್ರಮೆ ಕೊಳ್ಳುವವರದ್ದಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಮಾಡುವವರನ್ನೂ ಅದು ಬಿಟ್ಟಿಲ್ಲ. ಸ್ವೀಡನ್ನಿನ ಆ್ಯರೋಹೆಡ್ ಸ್ಟುಡಿಯೊ 2024ರಲ್ಲಿ ತಂದ ‘ಹೆಲ್‌ಡೈವರ್ಸ್ 2’ ಪಿಸಿಯಲ್ಲಿ ಬೆಳೆಯುತ್ತ 150 ಜಿಬಿ ದಾಟಿತು. ಅದೇ ಗೇಮ್ ಕನ್ಸೋಲಿನಲ್ಲಿ ಅದರ ಕಾಲುಭಾಗವೂ ಇರಲಿಲ್ಲ. ಹಾರ್ಡ್ ಡಿಸ್ಕಿನ ತೋಳು ಹೆಚ್ಚು ಓಡಾಡದಿರಲೆಂದು ಒಂದೇ ಚಿತ್ರ, ಒಂದೇ ಸದ್ದನ್ನು ಹಲವು ಕಡೆ ನಕಲು ಮಾಡಿಟ್ಟಿದ್ದರು. ನಕಲು ತೆಗೆದರೆ ಹಾರ್ಡ್ ಡಿಸ್ಕ್ ಇರುವವರಿಗೆ ಲೋಡಿಂಗ್ ಐದು ಪಟ್ಟಿನವರೆಗೆ ನಿಧಾನವಾದೀತು ಎಂಬುದು ಉದ್ಯಮದ ಅಂದಾಜು. 2025ರ ಕೊನೆಗೆ ನಿಕ್ಸೆಸ್ ಸಂಸ್ಥೆಯ ನೆರವಿನಿಂದ ನಕಲುಗಳನ್ನೆಲ್ಲ ಕಿತ್ತು ನೋಡಿದರು. 154 ಜಿಬಿ ಇದ್ದದ್ದು 23ಕ್ಕೆ ಇಳಿಯಿತು. ಹಾರ್ಡ್ ಡಿಸ್ಕಿನಲ್ಲಿ ಹೆಚ್ಚಾದದ್ದು ಕೆಲವು ಸೆಕೆಂಡು ಮಾತ್ರ. ಹೊತ್ತು ತಿನ್ನುತ್ತಿದ್ದದ್ದು ಆಟದ ನೆಲವನ್ನು ಪ್ರೊಸೆಸರ್ ಆಗಿಂದಾಗ್ಗೆ ಕಟ್ಟುವ ಕೆಲಸ. ಆಗ ಅದನ್ನು ಆಡುತ್ತಿದ್ದವರಲ್ಲಿ ಹಾರ್ಡ್ ಡಿಸ್ಕ್ ಬಳಸುತ್ತಿದ್ದವರು ಶೇ. 11ರಷ್ಟು. ಅಳೆದು ನೋಡದ ಒಂದು ನಂಬಿಕೆಗಾಗಿ ಪಿಸಿಯಲ್ಲಿ ಆಡುವವರೆಲ್ಲರೂ ತಲಾ 130 ಜಿಬಿಯ ತೆರಿಗೆ ಕಟ್ಟಿದರು.

‘ಅದೆಲ್ಲ ಹಳೆಯ ಕಥೆ, ಡೈರೆಕ್ಟ್‌ಸ್ಟೋರೇಜ್ ಬಂದಿದೆಯಲ್ಲ’ ಎನ್ನುವವರಿದ್ದಾರೆ. ಇದು ಎದುರು ಪಕ್ಷದ ಗಟ್ಟಿಯಾದ ವಾದ. ಮೈಕ್ರೋಸಾಫ್ಟ್ 2020ರಲ್ಲಿ ಘೋಷಿಸಿ 2022ರಲ್ಲಿ ಪಿಸಿಗೆ ತಂದ ಈ ವ್ಯವಸ್ಥೆ ದತ್ತಾಂಶ ಬಿಚ್ಚುವ ಕೆಲಸವನ್ನು ಪ್ರೊಸೆಸರಿನ ಹೆಗಲಿಂದ ಇಳಿಸಿ ಗ್ರಾಫಿಕ್ಸ್ ಕಾರ್ಡಿಗೆ ವಹಿಸಬಲ್ಲದು. ಆಗ ವೇಗದ ಡ್ರೈವಿಗೆ ನಿಜಕ್ಕೂ ಕೆಲಸ ಸಿಗುತ್ತದೆ. ಆದರೆ ಅದನ್ನು ಪೂರಾ ಬಳಸುವ ಗೇಮ್‌ಗಳು ಇಂದಿಗೂ ವಿರಳ. ಬಳಸಿದ ಪ್ರಸಿದ್ಧ ಗೇಮ್‌ಗಳಲ್ಲೊಂದಾದ ‘ರ‍್ಯಾಚೆಟ್ ಆ್ಯಂಡ್ ಕ್ಲ್ಯಾಂಕ್: ರಿಫ್ಟ್ ಅಪಾರ್ಟ್’ ಅನ್ನೇ ನೋಡಿ. ಅತಿವೇಗದ ಎಸ್‌ಎಸ್‌ಡಿ ಇಲ್ಲದೆ ಇಂಥ ಆಟ ಸಾಧ್ಯವೇ ಇಲ್ಲ ಎಂದು ಸೋನಿಯ ಪಿಎಸ್5 ಕನ್ಸೋಲಿನ ಪ್ರಚಾರಕ್ಕೆ ಬಳಸಿದ ಗೇಮ್ ಅದು. 2023ರಲ್ಲಿ ಪಿಸಿಗೆ ಬಂದಾಗ ಅದರ ಕನಿಷ್ಠ ಅಗತ್ಯಗಳ ಪಟ್ಟಿಯಲ್ಲಿ 75 ಜಿಬಿ ಹಾರ್ಡ್ ಡಿಸ್ಕ್ ಎಂದೇ ಬರೆದಿತ್ತು, ಎಸ್‌ಎಸ್‌ಡಿ ಇದ್ದರೆ ಒಳ್ಳೆಯದು ಎಂಬ ಟಿಪ್ಪಣಿಯೊಂದಿಗೆ.

ವೇಗವನ್ನೇ ಮಾರಿದ ಕನ್ಸೋಲ್ ಕಂಪನಿಗಳು ಸಂಗ್ರಹದ ಪ್ರಶ್ನೆ ಬಂದಾಗ ಏನು ಮಾಡಿದವು ಎಂಬುದನ್ನೂ ಗಮನಿಸಬೇಕು. ಮೊದಲ ಪಿಎಸ್5 ಒಳಗಿದ್ದದ್ದು ಸೆಕೆಂಡಿಗೆ 5.5 ಜಿಬಿ ಓದುವ ಡ್ರೈವ್. ಅದರ ಅಳತೆ ಮಾತ್ರ 825 ಜಿಬಿ. ಅದು ಸಾಲದೆಂದು ಸೋನಿಗೆ ಬೇಗನೆ ತಿಳಿಯಿತು. 2021ರ ಏಪ್ರಿಲ್‌ನಲ್ಲಿ, ಪಿಎಸ್5 ಗೇಮ್‌ಗಳನ್ನು ಯುಎಸ್‌ಬಿ ಡ್ರೈವಿಗೆ ಸಾಗಿಸಿ ಇಟ್ಟುಕೊಳ್ಳಬಹುದು, ಆಡುವಾಗ ಒಳಗೆ ತಂದುಕೊಳ್ಳಬೇಕು ಎಂಬ ಏರ್ಪಾಡು ಮಾಡಿತು. ಹಳೆಯ ಪಿಎಸ್4 ಗೇಮ್‌ಗಳನ್ನಂತೂ ಆ ಯುಎಸ್‌ಬಿ ಡ್ರೈವಿನಿಂದಲೇ ಆಡಬಹುದು. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನಲ್ಲೂ ಇದೇ ನಿಯಮ. ಆಡುವ ಜಾಗ ಬೇರೆ, ಇಡುವ ಜಾಗ ಬೇರೆ ಎಂದು ಈ ಇಬ್ಬರೂ ಒಪ್ಪಿಕೊಂಡಾಯಿತು. ಪಿಸಿಯವರಿಗೆ ಮಾತ್ರ ‘ಎಲ್ಲವೂ ಜೆನ್ ಫೋರ್’ ಎಂಬ ಉಪದೇಶ.

ಹೊಸ ದೊಡ್ಡ ಗೇಮ್‌ಗಳಿಗೆ ಎಸ್‌ಎಸ್‌ಡಿ ಬೇಕೇ ಬೇಕು, ಇದರಲ್ಲಿ ನನ್ನ ತಕರಾರಿಲ್ಲ. ‘ಬಾಲ್ಡರ್ಸ್ ಗೇಟ್ 3’, ‘ಸ್ಟಾರ್‌ಫೀಲ್ಡ್’ ಎರಡೂ ಎಸ್‌ಎಸ್‌ಡಿ ಕಡ್ಡಾಯ ಎನ್ನುತ್ತವೆ. ‘ಸೈಬರ್‌ಪಂಕ್’ 2023ರ ಸೆಪ್ಟೆಂಬರಿನ 2.0 ಆವೃತ್ತಿಯೊಂದಿಗೆ ಹಾರ್ಡ್ ಡಿಸ್ಕಿನ ಬೆಂಬಲ ಕೈಬಿಟ್ಟಿತು. ಇಂಥವನ್ನು ಹಾರ್ಡ್ ಡಿಸ್ಕಿನಿಂದ ಆಡಿದರೆ ಊರೊಳಗೆ ಓಡುವಾಗ ಗೋಡೆಗಳು ತಡವಾಗಿ ಮೂಡುತ್ತವೆ, ಮಾತು ತುಟಿಗೆ ಹೊಂದುವುದಿಲ್ಲ. ಆದರೆ ಅವು ಕೇಳುತ್ತಿರುವುದು ಎಸ್‌ಎಸ್‌ಡಿಯನ್ನೇ ಹೊರತು ಐದನೇ ಪೀಳಿಗೆಯನ್ನಲ್ಲ. ಒಂದೋ ಎರಡೋ ಟಿಬಿಯ ಸಾಧಾರಣ ಎನ್‌ವಿಎಂಇ ಸಾಕು. ಹಳೆಯ ಮದರ್‌ಬೋರ್ಡ್ ಇದ್ದರೆ ಸಾಟಾ ಕೂಡ ಸಾಕು.

‘ಕ್ಯೂಎಲ್‌ಸಿ ತಗೋಬೇಡಿ, ಬೇಗ ಸವೆಯುತ್ತೆ’ ಎಂಬ ಎಚ್ಚರಿಕೆಯೂ ಗೇಮ್‌ಗೆ ಹೊಂದುವುದಿಲ್ಲ. ಒಂದೊಂದು ಕೋಶದಲ್ಲಿ ನಾಲ್ಕು ಬಿಟ್ ತುಂಬುವ ಈ ಅಗ್ಗದ ಎಸ್‌ಎಸ್‌ಡಿಗಳು ಬರೆದಷ್ಟೂ ಬೇಗ ಸವೆಯುತ್ತವೆ ಎಂಬುದು ನಿಜ. ಸ್ಯಾಮ್‌ಸಂಗ್‌ನ 870 ಕ್ಯೂವಿಒ 1 ಟಿಬಿ ಡ್ರೈವಿನ ಖಾತರಿ 360 ಟಿಬಿ ಬರೆಯುವವರೆಗೆ. ಲೆಕ್ಕ ಹಾಕಿ ನೋಡಿ: ವಾರಕ್ಕೊಂದು 100 ಜಿಬಿಯ ಹೊಸ ಗೇಮ್ ಹಾಕಿದರೂ ವರ್ಷಕ್ಕೆ 5.2 ಟಿಬಿ. 360 ಟಿಬಿ ಮುಗಿಯಲು ಅರವತ್ತೊಂಬತ್ತು ವರ್ಷ ಬೇಕು. ಗೇಮ್ ಎಂಬುದು ಒಮ್ಮೆ ಬರೆದು ಸಾವಿರ ಸಲ ಓದುವ ವಸ್ತು. ಇಂಥ ಡ್ರೈವಿನ ಇನ್ನೊಂದು ದೌರ್ಬಲ್ಯವೆಂದರೆ ಸುಮಾರು 42 ಜಿಬಿ ಬರೆದಮೇಲೆ ವೇಗ ಸೆಕೆಂಡಿಗೆ 80 ಎಂಬಿಗೆ ಕುಸಿಯುವುದು. ವಿಡಿಯೊ ಸಂಕಲನ ಮಾಡುವವರಿಗೆ ಅದು ಶಾಪ. 100 ಎಂಬಿಪಿಎಸ್ ಇಂಟರ್ನೆಟ್ಟಿನಲ್ಲಿ ಗೇಮ್ ಇಳಿಸಿಕೊಳ್ಳುವವರ ಮನೆಗೆ ದತ್ತಾಂಶ ಬರುವುದೇ ಸೆಕೆಂಡಿಗೆ 12.5 ಎಂಬಿಯಂತೆ. ಅವರಿಗೆ ಆ ಕುಸಿತ ಗೊತ್ತಾಗುವುದೂ ಇಲ್ಲ.

ಇನ್ನು ಇಡುವ ಡ್ರೈವ್. ಇಲ್ಲಿ ಹಾರ್ಡ್ ಡಿಸ್ಕಿಗೆ ಸಾಟಿಯಿಲ್ಲ, ಆದರೆ ಕಣ್ಣುಮುಚ್ಚಿ ಕೊಳ್ಳುವಂತೆಯೂ ಇಲ್ಲ. ನೋಡಬೇಕಾದದ್ದು ತಟ್ಟೆಯ ಸುತ್ತುಗಳನ್ನೂ ಅಲ್ಲ, ‘ಗೇಮಿಂಗ್’ ಎಂಬ ಕೆಂಪು ಚೀಟಿಯನ್ನೂ ಅಲ್ಲ. ಬರೆಯುವ ವಿಧಾನ ಸಿಎಂಆರ್ ಅಥವಾ ಎಸ್‌ಎಂಆರ್ ಎಂಬುದೇ ಮುಖ್ಯ. ಸಿಎಂಆರ್‌ನಲ್ಲಿ ಪಥಗಳು ಬಿಡಿಬಿಡಿಯಾಗಿದ್ದರೆ, ಎಸ್‌ಎಂಆರ್‌ನಲ್ಲಿ ಹೆಂಚಿನಂತೆ ಒಂದರ ಮೇಲೊಂದು ಚಾಚಿಕೊಂಡಿರುತ್ತವೆ. ಹಾಗಾಗಿ ಒಂದನ್ನು ತಿದ್ದಿದರೆ ಪಕ್ಕದವನ್ನೂ ಮತ್ತೆ ಬರೆಯಬೇಕು, ದೊಡ್ಡ ಗೇಮ್ ಅಪ್‌ಡೇಟ್ ಆಗುವಾಗ ಡ್ರೈವ್ ಏದುಸಿರು ಬಿಡುತ್ತದೆ. 2020ರ ಏಪ್ರಿಲ್‌ನಲ್ಲಿ ವೆಸ್ಟರ್ನ್ ಡಿಜಿಟಲ್ ತನ್ನ ‘ರೆಡ್’ ಸರಣಿಯ 2ರಿಂದ 6 ಟಿಬಿ ಡ್ರೈವುಗಳಲ್ಲಿ ಈ ವಿಧಾನವನ್ನು ಹೇಳದೆ ಬಳಸಿದ್ದು ಬಯಲಾಗಿ ದೊಡ್ಡ ಗಲಾಟೆಯಾಯಿತು. ಸೀಗೇಟ್, ತೊಷಿಬಾಗಳ ಕೆಲವು ಮಾದರಿಗಳ ಹೆಸರೂ ಹೊರಬಂತು. ಆಮೇಲೆ ಕಂಪನಿಗಳು ಪಟ್ಟಿ ಪ್ರಕಟಿಸಿದವು. ಈಗ ‘ರೆಡ್ ಪ್ಲಸ್’, ‘ಐರನ್‌ವುಲ್ಫ್’ ಸರಣಿಗಳು ಸಿಎಂಆರ್ ಎಂದೇ ಮಾರಾಟವಾಗುತ್ತವೆ. ಅಂಗೈಯಗಲದ 2.5 ಇಂಚಿನ ಪೋರ್ಟಬಲ್ ಡ್ರೈವುಗಳು ಬಹುಪಾಲು ಎಸ್‌ಎಂಆರ್. ಒಮ್ಮೆ ತುಂಬಿ ಬೀರುವಿನಲ್ಲಿಡಲು ಅವು ಸಾಕು, ದಿನನಿತ್ಯ ಬರೆದು ಅಳಿಸಲು 3.5 ಇಂಚಿನ ಸಿಎಂಆರ್ ಒಳ್ಳೆಯದು. ಸುತ್ತು 5400 ಇರಲಿ 7200 ಇರಲಿ, ಇಡುವ ಕೆಲಸಕ್ಕೆ ಅದರಿಂದ ಆಗಬೇಕಾದದ್ದೇನಿಲ್ಲ.

‘ಹಾರ್ಡ್ ಡಿಸ್ಕ್ ಕೈಕೊಡುತ್ತೆ’ ಎಂಬ ಭಯವನ್ನೂ ಅಂಕಿಯ ಮುಂದೆ ನಿಲ್ಲಿಸೋಣ. ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಕ್ಲೌಡ್ ಕಂಪನಿ ತನ್ನ ಲಕ್ಷಾಂತರ ಡ್ರೈವುಗಳ ಸೋಲು ಗೆಲುವನ್ನು 2013ರಿಂದ ಬಹಿರಂಗವಾಗಿ ಪ್ರಕಟಿಸುತ್ತ ಬಂದಿದೆ. ಇತ್ತೀಚಿನ ವರ್ಷಗಳಲ್ಲಿ ಕೆಟ್ಟುಹೋದವು ವರ್ಷಕ್ಕೆ ನೂರಕ್ಕೆ ಒಂದೂವರೆಯ ಆಸುಪಾಸು. ಅವು ಹಗಲೂ ರಾತ್ರಿ ಓಡುವ ಡ್ರೈವುಗಳು. ಕೆಡುವುದಿಲ್ಲ ಎಂದು ಯಾರೂ ಹೇಳಲಾರರು, ಎಸ್‌ಎಸ್‌ಡಿಯೂ ಕೆಡುತ್ತದೆ. ಕೆಟ್ಟರೆ ಏನು ಕಳೆದುಹೋಗುತ್ತದೆ ಎಂಬುದೇ ಸರಿಯಾದ ಪ್ರಶ್ನೆ. ಸ್ಟೀಮ್‌ನಿಂದ ಬಂದ ಗೇಮ್ ಮತ್ತೆ ಇಳಿಯುತ್ತದೆ. ಮತ್ತೆ ಸಿಗದಿರಬಹುದಾದವು ನಿಮ್ಮ ಸೇವ್ ಫೈಲುಗಳು, ನೀವೇ ಕೂಡಿಸಿದ ಮಾಡ್‌ಗಳು, ಹಳೆಯ ಸಿಡಿಯಿಂದ ತೆಗೆದಿಟ್ಟ ಪ್ರತಿಗಳು, ಗಾಗ್‌ನಿಂದ ಇಳಿಸಿಟ್ಟ ಇನ್‌ಸ್ಟಾಲರ್‌ಗಳು. ಇವಕ್ಕೆ ಎರಡನೆಯ ಪ್ರತಿ ಬೇಕು. ಮಿಕ್ಕ ಹತ್ತಾರು ಟಿಬಿಗೆ ರೇಡ್ ಕಟ್ಟಿ ಎರಡೆರಡು ಡ್ರೈವ್ ಸುರಿಯುವುದು ವ್ಯರ್ಥ. ಅಷ್ಟಕ್ಕೂ ರೇಡ್ ಬ್ಯಾಕಪ್ ಅಲ್ಲ: ನೀವು ಕೈತಪ್ಪಿ ಅಳಿಸಿದ್ದನ್ನು ಅದು ಎರಡೂ ಕಡೆ ನಿಷ್ಠೆಯಿಂದ ಅಳಿಸುತ್ತದೆ.

‘ಹಾಗಿದ್ದರೆ ಇಡುವುದಾದರೂ ಏಕೆ, ಬೇಕಾದಾಗ ಇಳಿಸಿಕೊಂಡರಾಯಿತು’ ಎಂಬುದು ಕೊನೆಯ ಆಕ್ಷೇಪ. 100 ಎಂಬಿಪಿಎಸ್ ಸಂಪರ್ಕದಲ್ಲಿ 100 ಜಿಬಿಯ ಗೇಮ್ ಇಳಿಯಲು, ಎಲ್ಲವೂ ಸರಿಯಿದ್ದರೆ, ಎರಡೂಕಾಲು ಗಂಟೆ. 30 ಎಂಬಿಪಿಎಸ್ ಫೈಬರ್ ಇರುವ ಮನೆಯಲ್ಲಿ ಏಳು ಗಂಟೆಗೂ ಮಿಕ್ಕು, ನಡುವೆ ಕರೆಂಟ್ ಹೋಗದಿದ್ದರೆ. ಅದೇ ಗೇಮ್ ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಬರಲು ಹತ್ತು ಹದಿನೈದು ನಿಮಿಷ ಸಾಕು. ಸ್ಟೀಮ್‌ನಲ್ಲಿ ಎರಡೂ ಡ್ರೈವುಗಳನ್ನು ಲೈಬ್ರರಿಯಾಗಿ ಸೇರಿಸಿಟ್ಟರೆ ಇದು ಒಂದು ಗುಂಡಿ ಒತ್ತುವ ಕೆಲಸ. ‘ಅನ್‌ಲಿಮಿಟೆಡ್’ ಎನ್ನುವ ಮನೆ ಸಂಪರ್ಕಗಳಿಗೂ ತಿಂಗಳಿಗೆ ಇಷ್ಟು ಎಂಬ ಮಿತಿ ಇರುವುದನ್ನು ಸಣ್ಣಕ್ಷರದಲ್ಲಿ ಓದಬಹುದು.

ಗಂಟೆಗಳ ಲೆಕ್ಕಕ್ಕಿಂತ ದೊಡ್ಡ ಕಾರಣವೊಂದಿದೆ. ಅಂಗಡಿಯಲ್ಲಿ ಇಂದು ಇರುವುದು ನಾಳೆ ಇರುತ್ತದೆಂಬ ಭರವಸೆ ಯಾರೂ ಕೊಟ್ಟಿಲ್ಲ. 2014ರಲ್ಲಿ ಸೋನಿಯ ಅಂಗಡಿಗೆ ಪುಕ್ಕಟೆಯಾಗಿ ಬಂದ ‘ಪಿ.ಟಿ.’ ಎಂಬ ಪುಟ್ಟ ಭಯಾನಕ ಗೇಮನ್ನು ಮರುವರ್ಷವೇ ತೆಗೆದುಹಾಕಿದರು. ಆಮೇಲೆ ಅದು ಉಳಿದದ್ದು ಆಗಲೇ ಇಳಿಸಿಕೊಂಡಿದ್ದವರ ಹಾರ್ಡ್ ಡಿಸ್ಕಿನಲ್ಲಿ. 2018ರಲ್ಲಿ ಸಂಗೀತದ ಪರವಾನಗಿ ಮುಗಿದಾಗ ‘ಜಿಟಿಎ 4’ರ ರೇಡಿಯೊಗಳಿಂದ ಹಲವು ಹಾಡುಗಳು ಅಪ್‌ಡೇಟ್ ಮೂಲಕ ಮಾಯವಾದವು. ದುಡ್ಡು ಕೊಟ್ಟವರ ಪ್ರತಿಯಲ್ಲೂ ಹೋದವು. ಕೂಡಿಟ್ಟರೆ ಎಲ್ಲವೂ ಉಳಿಯುತ್ತದೆ ಎಂದೇನೂ ಇಲ್ಲ. ಯೂಬಿಸಾಫ್ಟ್ 2024ರ ಮಾರ್ಚ್ 31ರಂದು ಸರ್ವರ್ ನಿಲ್ಲಿಸಿದಾಗ ‘ದ ಕ್ರೂ’ ಎಲ್ಲರ ಡ್ರೈವಿನಲ್ಲೂ ಹೆಣವಾಯಿತು. ಆದರೆ ಸರ್ವರಿನ ಹಂಗಿಲ್ಲದ ಗೇಮ್‌ಗಳಿಗೆ, ಅದರಲ್ಲೂ ಡಿಆರ್‌ಎಂ ಬೀಗವಿಲ್ಲದ ಗಾಗ್ ಇನ್‌ಸ್ಟಾಲರ್‌ಗಳಿಗೆ, ಮನೆಯಲ್ಲಿರುವ ಪ್ರತಿಯೇ ನಿಜವಾದ ಒಡೆತನ. ಆ ಒಡೆತನ ನಿಲ್ಲುವುದು ಜಾಗದ ಮೇಲೆ.

ಜಾಗಕ್ಕೆ ಈಗ ಬೆಲೆ ಬಂದಿದೆ ಎಂಬುದೂ ನೆನಪಿರಲಿ. ಎಐ ಡೇಟಾ ಸೆಂಟರುಗಳು ಚಿಪ್ಪುಗಳನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯಿಂದ ಮೆಮೊರಿ, ಎಸ್‌ಎಸ್‌ಡಿ ಎರಡೂ ತುಟ್ಟಿ. ಮನೆಬಳಕೆಯವರ ಮೆಚ್ಚಿನ ಕ್ರೂಶಿಯಲ್ ಬ್ರ್ಯಾಂಡನ್ನು ಮುಚ್ಚುವುದಾಗಿ ಮೈಕ್ರಾನ್ ಡಿಸೆಂಬರಿನಲ್ಲಿ ಪ್ರಕಟಿಸಿತು. ಹಾರ್ಡ್ ಡಿಸ್ಕ್ ಕೂಡ ಈ ಬಿಸಿಯಿಂದ ತಪ್ಪಿಸಿಕೊಂಡಿಲ್ಲ. ಆದರೂ ಟಿಬಿಗೆ ಇಷ್ಟು ರೂಪಾಯಿ ಎಂಬ ಲೆಕ್ಕದಲ್ಲಿ ಅದೇ ಅಗ್ಗ. ಇಂಥ ಹೊತ್ತಿನಲ್ಲಿ, ಆಡದ ಗೇಮ್‌ಗಳನ್ನು ಸೆಕೆಂಡಿಗೆ 7000 ಎಂಬಿ ಓದುವ ಡ್ರೈವಿನ ಮೇಲೆ ಮಲಗಿಸುವುದು ಶೋಕಿ.

ಅಂಗಡಿಗೆ ಹೋಗುವ ಮುನ್ನ ನಿಮ್ಮ ಲೈಬ್ರರಿ ತೆರೆಯಿರಿ. ಕಳೆದ ಮೂರು ತಿಂಗಳಲ್ಲಿ ನಿಜವಾಗಿ ಆಡಿದ ಗೇಮ್‌ಗಳ ಗಾತ್ರ ಕೂಡಿಸಿ, ಅದಕ್ಕೆ ಇನ್ನರ್ಧ ಸೇರಿಸಿ. ಅಷ್ಟು ಅಳತೆಯ, ಮಧ್ಯಮ ಬೆಲೆಯ ಎಸ್‌ಎಸ್‌ಡಿ ಕೊಳ್ಳಿ. ಮಿಕ್ಕ ಸಂಗ್ರಹಕ್ಕೆ, ಆ ಸಂಗ್ರಹದ ಎರಡರಷ್ಟು ಹಿಡಿಯುವ ಒಂದು ಸಿಎಂಆರ್ ಹಾರ್ಡ್ ಡಿಸ್ಕ್. ಸೇವ್ ಫೈಲುಗಳಿಗೆ ಒಂದು ಸಣ್ಣ ಪ್ರತ್ಯೇಕ ಡ್ರೈವ್. ಇಷ್ಟಾದಮೇಲೂ ಕೈಯಲ್ಲಿ ದುಡ್ಡು ಉಳಿದರೆ ಅದನ್ನು ಇನ್ನೂ ವೇಗದ ಡ್ರೈವಿಗೆ ಹಾಕಬೇಡಿ, ಒಳ್ಳೆಯದೊಂದು ಯುಪಿಎಸ್ ಕೊಳ್ಳಿ.